ಹಾರದ ಆರು ಗುಂಡುಗಳು

ಐದು ಗುಂಡುಗಳು ಹೊರಗೆ ಬಂದಿದ್ದವು. ಆರನೆಯದು ಹಸಿರು ಕಿಲುಬು ಹಿಡಿದು, ಪಿಸ್ತೂಲಿನ ತಿರುಗುವ ಉರುಳೆಯೊಳಗೆ ಕಚ್ಚಿಕೊಂಡು ಕೂತಿತ್ತು. ವಸ್ತುಸಂಗ್ರಹಾಲಯದ ಆಯುಧ ಪರೀಕ್ಷಕ ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟು, ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳಿದ. ಅದೂ ಬಂತು. ಆರನ್ನೂ ಬುಡ ಮೇಲಾಗಿ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. ಸದಾ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಇರುವ ಅವನನ್ನು ಕಚೇರಿಯವರು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಊಟದ ಡಬ್ಬಿ ತೆರೆಯುವ ಮೊದಲು ಮುಚ್ಚಳದ ಮೇಲಿನ ಮುದ್ರೆ ಓದುವ ಆಸಾಮಿ ಅವನು.

"ಒಪ್ಪಿಸಿದ ಚೀಟಿ ಬೇಗ ಬರಕೊಡಿ ಸರ್," ಎಂದಳು ಎದುರಿಗೆ ಕೂತಿದ್ದ ಅರವತ್ತರ ಹೆಂಗಸು. "ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ತೊಂಬತ್ತು ವರ್ಷ. ತಾನು ಕಣ್ಣು ಮುಚ್ಚೋದರೊಳಗೆ ಈ ಪೀಡೆ ಮನೆಯಿಂದ ತೊಲಗಬೇಕು ಅಂತ ಹಟ."

"ಯಾರದು ಇದು?"

"ನಮ್ಮಪ್ಪಂದು. ಗಡಿಯ ಠಾಣೆಯಲ್ಲಿದ್ರು. ಶತ್ರುಗಳು ನುಗ್ಗಿದಾಗ ಒಂದೇ ಒಂದು ಗುಂಡು ಹಾರಿಸದೆ ಸತ್ತರು. ಅವರನ್ನ ನಂಬಿಕೊಂಡು ಹಿಂದೆ ನಿಂತಿದ್ದ ಎಂಟು ಹುಡುಗರೂ ಹೋದ್ರು, ಎಲ್ಲ ನಮ್ಮೂರಿನವರೇ. ಹೆಣ ಎತ್ತಿದವರು ಈ ಪಿಸ್ತೂಲು ತಂದು ಅಮ್ಮನ ಕೈಗಿಟ್ಟು, ಎಣಿಸ್ಕೊಳ್ಳಿ, ಆರಕ್ಕೆ ಆರೂ ಇವೆ ಅಂದ್ರಂತೆ. ಆಗ ನಂಗೆ ಮೂರು ವರ್ಷ."

ಮನೆಯ ವಿಳಾಸ ಹೇಳುವಷ್ಟು ಸಲೀಸಾಗಿ ಹೇಳಿದಳು. ಹೇಳಿ ಹೇಳಿ ಅಭ್ಯಾಸವಾಗಿತ್ತು.

ಪರೀಕ್ಷಕ ಗುರುತುಗಳನ್ನು ಒಂದೊಂದಾಗಿ ಚೀಟಿಗೆ ಇಳಿಸತೊಡಗಿದ. ನಳಿಕೆಯ ಬುಡದಲ್ಲಿ ಕಾರ್ಖಾನೆಯ ಕಿರೀಟದ ಮುದ್ರೆ, ಪಕ್ಕದಲ್ಲಿ ಇಸವಿ. ಆ ಕಾಳಗದ ಹೊತ್ತಿಗೇ ಅದು ನಲವತ್ತು ವರ್ಷದ ಮುದಿ ಪಿಸ್ತೂಲು. ಹಿಡಿಕೆಯ ಮೇಲೆ ಪಡೆಯ ಸಂಖ್ಯೆ. ಎಡಮಗ್ಗುಲಲ್ಲಿ ಒಂದು ಕಡೆ ಲೋಹ ಬೆರಳಿಗೆ ತುಸು ತಗ್ಗಾಗಿ ಸಿಕ್ಕಿತು. ಯಾರೋ ಅರದಿಂದ ಉಜ್ಜಿ, ಮೇಲೆ ಕಪ್ಪು ಬಳಿದಿದ್ದರು. ದೀಪವನ್ನು ಓರೆ ಮಾಡಿದ. ಒಂದು ವೃತ್ತ, ಅದರೊಳಗೆ ಅಡ್ಡಗೆರೆ. ಗುಂಡಿನ ಬೆನ್ನಿಗೆ ಬಡಿಯುವ ಮುಳ್ಳನ್ನು ನೋಡಿದ. ಅರ್ಧಕ್ಕರ್ಧ ಸವೆಸಿದ್ದರು. ಆಮೇಲೆ ಮಸೂರವನ್ನು ಗುಂಡುಗಳ ಕಡೆ ತಿರುಗಿಸಿದವನು ಬಹಳ ಹೊತ್ತು ತಲೆ ಎತ್ತಲಿಲ್ಲ.

"ನಿಮ್ಮಪ್ಪ ಹೇಡಿ ಅಲ್ಲಮ್ಮ," ಎಂದ. "ಇದು ಹೊಸಬರಿಗೆ ಕವಾಯತು ಕಲಿಸೋ ಪಿಸ್ತೂಲು. ಹಾರಬಾರದು ಅಂತಲೇ ಮುಳ್ಳು ಸವೆಸಿ, ಈ ಗುರುತು ಹೊಡೀತಾರೆ. ಪಿಸ್ತೂಲು ಸಾಲದೆ ಬಂದಾಗ ಯಾರೋ ಗುರುತು ಅಳಿಸಿ ಗಡಿಗೆ ಸಾಗಹಾಕಿದ್ದಾರೆ. ಇಲ್ಲಿ ನೋಡಿ, ಒಂದೊಂದು ಗುಂಡಿನ ಬೆನ್ನಿಗೂ ಮೂರು ಮೂರು ಚುಕ್ಕೆ. ಮುಳ್ಳು ಬಡಿದಿದೆ, ಆಳಕ್ಕೆ ಇಳಿದಿಲ್ಲ. ಉರುಳೆ ಮೂರು ಸುತ್ತು ತಿರುಗೋವರೆಗೂ ಅವರು ಟ್ರಿಗರ್ ಎಳೆದಿದ್ದಾರೆ. ಹದಿನೆಂಟು ಸಲ."

ಅವಳು ಅಳುತ್ತಾಳೆ, ಇಲ್ಲವೇ ಕೈ ಮುಗಿಯುತ್ತಾಳೆ ಎಂದುಕೊಂಡಿದ್ದ. ಅವಳು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು.

"ಇದನ್ನ ಬರೀಬೇಡಿ."

"ನಾನು ಹೇಳಿದ್ದು ಅರ್ಥ ಆಗ್ಲಿಲ್ವೇನೋ ನಿಮಗೆ."

"ಅರ್ಥ ಆಯ್ತು ಸರ್. ನಂಗೊಬ್ಬ ಅಣ್ಣ ಇದ್ದ. ಅಪ್ಪ ಬಳಿದು ಹೋದ ಮಸಿ ನೀನೇ ತೊಳೀಬೇಕು ಅಂತ ಅಮ್ಮ ಊಟಕ್ಕೆ ಬಡಿಸೋವಾಗಲೆಲ್ಲ ಹೇಳಿ ಹೇಳಿ ಬೆಳೆಸಿದ್ಲು. ಅವನಿಗೆ ಮರಗೆಲಸದ ಹುಚ್ಚು. ನಂಗೊಂದು ಸ್ಟೂಲು ಮಾಡಿಕೊಟ್ಟಿದ್ದ, ಇವತ್ತಿಗೂ ಒಂಚೂರು ಅಲುಗಾಡಲ್ಲ. ಮೀಸೆ ಮೂಡೋ ಹೊತ್ತಿಗೆ ಅಮ್ಮನೇ ಕೈ ಹಿಡಿದು ಕರಕೊಂಡು ಹೋಗಿ ಸೈನ್ಯಕ್ಕೆ ಸೇರಿಸಿ ಬಂದ್ಲು. ಏಳೇ ತಿಂಗಳು, ಕಾಳಗದಲ್ಲಿ ಹೋದ. ಹಿಂದಕ್ಕೆ ಬಾರೋ ಅಂತ ಜೊತೆಯವರು ಕೂಗಿದ್ರೂ ಬರಲಿಲ್ಲವಂತೆ." ಅವಳು ಮುಚ್ಚಿದ ಬಾಗಿಲ ಕಡೆ ನೋಡಿದಳು. "ತೊಳೆಯೋಕೆ ಮಸಿಯೇ ಇರಲಿಲ್ಲ ಅಂತ ಈಗ ಅವಳಿಗೆ ಯಾವ ಬಾಯಲ್ಲಿ ಹೇಳ್ಲಿ?"

"ಮೂವತ್ತು ವರ್ಷದಲ್ಲಿ ಒಂದೂ ಸುಳ್ಳು ಚೀಟಿ ಬರೆದವನಲ್ಲ ನಾನು. ನಿಮ್ಮಪ್ಪನಿಗೆ ಆಗಿರೋ ಅನ್ಯಾಯ ಸಣ್ಣದಲ್ಲ."

"ಅಪ್ಪನಿಗೆ ಇನ್ನು ನೋಯೋದೇನೂ ಇಲ್ಲ ಸರ್."

ಬಾಗಿಲು ತೆರೆಯಿತು. ಕೋಲೂರಿಕೊಂಡು ಮುದುಕಿ ಒಳಗೆ ಬಂದಳು. ಪರೀಕ್ಷಕ ಅವಸರದಲ್ಲಿ ಗುಂಡುಗಳ ಮೇಲೆ ಕರವಸ್ತ್ರ ಎಳೆದ.

"ಒಂದು ಹಿಡಿ ಕಬ್ಬಿಣ ಒಪ್ಪಿಸೋಕೆ ಇಷ್ಟು ಹೊತ್ತೇನೇ?" ಎಂದು ಮಗಳನ್ನು ಗದರಿಕೊಂಡಳು. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ಪಿಸ್ತೂಲಿನ ಕಡೆ ಕಣ್ಣೂ ಹಾಯಿಸಲಿಲ್ಲ. ಪರೀಕ್ಷಕನ ಮುಖವನ್ನೇ ನೋಡುತ್ತ ನಿಂತವಳು ಇದ್ದಕ್ಕಿದ್ದಂತೆ ದನಿ ತಗ್ಗಿಸಿದಳು.

"ನೀನು ತಿಳಿದೋನು ಅಂತಾರೆ. ಒಂದು ಮಾತು ಹೇಳಪ್ಪಾ. ಇದು ಕೆಟ್ಟಿತ್ತಾ? ಅವರು ಹಾರಿಸೋಕೆ ಹೋಗಿ, ಇದೇ ಕೈ ಕೊಟ್ಟಿರಬಹುದಾ?"

ಈ ಪ್ರಶ್ನೆಯನ್ನು ಅವಳು ಅದೆಷ್ಟು ವರ್ಷದಿಂದ ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದಳೋ. ಮಗಳು ಪರೀಕ್ಷಕನ ಕಡೆ ನೋಡಿದಳು.

ಪರೀಕ್ಷಕ ಚೀಟಿ ಎಳೆದುಕೊಂಡ. ಮುದುಕಿಯ ಕಣ್ಣನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಸ್ಥಿತಿ ಎಂದಿದ್ದ ಕಡೆ ಬರೆಯುತ್ತಲೇ ಹೇಳಿದ.

"ಇಲ್ಲಮ್ಮ. ಚೆನ್ನಾಗೇ ಇತ್ತು. ಎಳೆದಿದ್ರೆ ಹಾರ್ತಿತ್ತು."

ಮುದುಕಿ ಕುರ್ಚಿಯ ಮೇಲೆ ಕುಸಿದು ಕೂತಳು. ಕಣ್ಣು ಮುಚ್ಚಿ ನೀಳವಾಗಿ ಉಸಿರು ಬಿಟ್ಟಳು.

"ಸದ್ಯ," ಎಂದಳು, "ಬದುಕಿಕೊಂಡೆ."