ಹುಲಿಗೆಮ್ಮನ ಕಾಲು

ಸೇವಾ ಕ್ಲಬ್ಬಿನವರು ಹೋದ ವರ್ಷ ಕೊಟ್ಟ ಕೃತಕ ಕಾಲು ಹಾಕಿಕೊಂಡೇ ಹುಲಿಗೆಮ್ಮ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದಳು. ಈ ವರ್ಷದ ಸಮಾರಂಭಕ್ಕೂ ಅವರು ಕರೆದಾಗ ನಡೆದೇ ಹೋದಳು.

ವೇದಿಕೆಯ ಹಿಂದೆ ಕಾರ್ಯದರ್ಶಿ ಹೇಳಿದ, "ಆ ಕಾಲು ಬಿಚ್ಚಿ ಕೊಡವ್ವಾ."

"ಯಾಕ್ರೀ? ಹೊಸಾದು ಕೊಡ್ತೀರೇನು?"

"ಇದನ್ನೇ ಒರಸಿ ಕೊಡ್ತೀವಿ. ಹೋದ ವರ್ಷ ಜಿಲ್ಲಾ ಅಧ್ಯಕ್ಷರು ಬಂದಿರಲಿಲ್ಲ. ಅವರ ಕೈಲೆ ಕೊಟ್ಟಂಗ ಒಂದು ಫೋಟೋ ಆಗಬೇಕು."

ಅಷ್ಟು ಜನರ ಮುಂದೆ ಮೋಟುಗಾಲು ಕಾಣುವಂತೆ ಕೂತಾಗ ಹುಲಿಗೆಮ್ಮನಿಗೆ ನಾಚಿಕೆಯಾಯಿತು. ಚಪ್ಪಾಳೆಯ ನಡುವೆ ಅಧ್ಯಕ್ಷರು ಕಾಲನ್ನು ಅವಳ ಮಡಿಲಿಗಿಟ್ಟರು. ಫೋಟೋ ಮುಗಿಯಿತು. ಪಟ್ಟಿ ಬಿಗಿದುಕೊಳ್ಳಲು ಅವಳು ಬಗ್ಗುವಷ್ಟರಲ್ಲಿ ಕಾರ್ಯದರ್ಶಿ ಅದನ್ನು ಕಿತ್ತುಕೊಂಡು ಕಾರಿನ ಕಡೆ ಓಡಿದ.

"ಮುಂದಿನ ಊರಾಗೂ ಇದನ್ನೇ ಕೊಡೋದೈತಿ. ನಾಳೆ ಬಂದು ತಗೊಂಡು ಹೋಗವ್ವಾ!"