ಗೌರಿ ಕುಡಿದ ನೀರು

ಅರಿಶಿನಕ್ಕೆ ಸುಣ್ಣ ಕಲಸಿದ ವಾಸನೆ ಬಂದರೆ ಇವತ್ತಿಗೂ ನನಗೆ ಭದ್ರಾವತಿ ಹಳೇನಗರದ ನಮ್ಮ ಕೊಟ್ಟಿಗೆ ಕಣ್ಣ ಮುಂದೆ ಬರುತ್ತದೆ.

ಅಪ್ಪ ಕಾರ್ಖಾನೆಯ ಪಾಳಿಗೆ ಹೋಗಿದ್ದ ಮಧ್ಯಾಹ್ನ. ಜೊಲ್ಲು ಸುರಿಸಿಕೊಂಡು ಬಂದ ನರಿಯೊಂದು ನಮ್ಮ ಗಬ್ಬದ ಹಸು ಗೌರಿಯ ಮೇಲೆ ಬಿತ್ತು. ಅಮ್ಮ ಒನಕೆ ಹಿಡಿದು ಅಡ್ಡ ನಿಂತು ಓಡಿಸಿದಳು. ಗೌರಿಯ ಮೂತಿಯಲ್ಲೂ ಅಮ್ಮನ ಮುಂಗೈಯಲ್ಲೂ ರಕ್ತ ಬಂದಿತ್ತು.

ಅಜ್ಜಿ ನನ್ನನ್ನು ಕರೆದು ಹೇಳಿದಳು: "ಹಗಲಲ್ಲಿ ಊರೊಳಗೆ ಬರೋ ನರಿಗೆ ಹುಚ್ಚು ಹಿಡಿದಿರುತ್ತೆ ಪುಟ್ಟಿ. ಅದು ಕಚ್ಚಿದ ದನ ನೀರು ಕಂಡ್ರೆ ಹೆದರುತ್ತೆ. ದಿನಾ ಬಕೀಟು ಇಟ್ಟು ನೋಡ್ತಿರು."

ಅಪ್ಪ ದನದ ಡಾಕ್ಟರನ್ನು ಕರೆತಂದು ಗೌರಿಗೆ ಇಂಜೆಕ್ಷನ್ ಕೊಡಿಸಿದರು. "ನಿನ್ನ ಕೈ?" ಎಂದು ಕೇಳಿದ್ದಕ್ಕೆ ಅಮ್ಮ, "ಉಗುರು ತರಚಿದೆ ಅಷ್ಟೆ ಕಣ್ರೀ. ಗೌರೀನ ನೋಡ್ಕೊಳ್ಳಿ" ಎಂದು ಅರಿಶಿನ ಸುಣ್ಣ ಮೆತ್ತಿಕೊಂಡಳು.

ನಾನು ದಿನಾ ಬಕೀಟು ಇಟ್ಟೆ. ಗೌರಿ ದಿನಾ ಕುಡಿದಳು. ಕರು ಹಾಕಿದ ಮಧ್ಯಾಹ್ನವೂ ಸೊರಸೊರ ಕುಡಿದಳು. ಅದನ್ನು ಹೇಳಲು ಒಳಗೆ ಓಡಿದೆ. ಜ್ವರವೆಂದು ಮಲಗಿದ್ದ ಅಮ್ಮನಿಗೆ ಅಜ್ಜಿ ನೀರಿನ ಲೋಟ ಹಿಡಿದಿದ್ದಳು. ಅಮ್ಮ ಆ ಲೋಟವನ್ನೇ ನೋಡುತ್ತ, ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡಿದ್ದಳು.