ಗುಂಡಿಯಲ್ಲಿ ಸಿಕ್ಕ ಇಡ್ಲಿ

ಊರಿನ ಪೂರ್ವಜರು ಏನು ತಿಂದಿದ್ದರೋ ಅದನ್ನಷ್ಟೇ ಹೋಟೆಲಿನಲ್ಲಿ ಮಾರಬೇಕೆಂಬ ಕಾನೂನು ಬಂದ ಮೇಲೆ, ಬಳ್ಳಾರಿ ಕಡೆಯ ಬೂದಿಗುಡ್ಡದ ಹೋಟೆಲಿನ ಮಾರೆಪ್ಪನ ಹೊಟ್ಟೆಪಾಡು ಊರಲ್ಲಿ ಹಳೇಕಾಲದ ಕುರುಹು ಅಗೆಯುವವರ ಕೈಗೆ ಹೋಯಿತು. ಉತ್ಖನನದ ಗುಂಡಿಯಲ್ಲಿ ಹುರುಳಿಕಾಳು ಸಿಕ್ಕ ವಾರ ಹುರುಳಿ ಬೇಯಿಸಿದ. ಬಸವನಹುಳುವಿನ ಚಿಪ್ಪು ಸಿಕ್ಕ ವಾರ ಒಬ್ಬ ಗಿರಾಕಿಯೂ ಇತ್ತ ಸುಳಿಯಲಿಲ್ಲ.

‘ಮಲ್ಲಿಗೆ ಇಡ್ಲಿ’ ಎಂದು ಬೋರ್ಡು ಬರೆಸಿ ಮೆರೆದವನು ಮಾರೆಪ್ಪ. ಆ ಬೋರ್ಡು ಈಗ ಅಟ್ಟ ಸೇರಿತ್ತು. ಸಹಿಸಲಾರದೆ ನಿನ್ನೆ ಬೆಳಗ್ಗೆ, ಆಳುಗಳು ಬರುವ ಮೊದಲೇ, ತಾನು ಬೇಯಿಸಿದ ಬಿಸಿ ಇಡ್ಲಿಯೊಂದನ್ನು ಗುಂಡಿಯ ತಳದಲ್ಲಿ ಹೂತು ಬಂದಿದ್ದ.

ಇಂದು ಉತ್ಖನನದ ಅಧಿಕಾರಿ ಮಂದಾಕಿನಿ ಮೇಡಂ ಅದನ್ನು ಎತ್ತಿ, ಮಣ್ಣು ಒರೆಸಿ, ಸುತ್ತಿಗೆಯಿಂದ ಕುಟ್ಟಿದರು. ಠಣ್ ಎಂದಿತು.

“ಅನುಮಾನಾನ ಇಲ್ಲ, ಮೂರು ಸಾವಿರ ವರ್ಷದ ಇಡ್ಲಿ! ನಾಳಿಂದ ಮಾರ್ರಿ, ಮಾರೆಪ್ಪ.”

ಮಾರೆಪ್ಪ ಕೈಮುಗಿದ.

“ಇಲ್ಲಿ ಸಿಕ್ಕ ಹಿರೇರ ಹಲ್ಲೆಲ್ಲ ಯಾಕ ಸವದಾವ ಅಂತ ಈಗ ತಿಳೀತು ನೋಡ್ರಿ. ಪಾಪ, ಹೆಂಗ ನುಂಗಿದ್ರೋ!” ಎಂದರು ಮೇಡಂ.

ನಿಜ ನಾಲಿಗೆ ತುದಿಗೆ ಬಂತು. ಮಾರೆಪ್ಪ ಅದನ್ನು ನುಂಗಿಕೊಂಡ.

“ಚಟ್ನಿ ಜೋಡಿ ತಿಂದಿರಬೇಕ್ರೀ ಮೇಡಂ,” ಎಂದ ಮುಖ ಊದಿಸಿಕೊಂಡು.

“ಚಟ್ನಿ ಇನ್ನೂ ಸಿಕ್ಕಿಲ್ಲಲ್ರೀ. ಸಿಗೋತನಕ ಬರೇ ಇಡ್ಲಿ ಮಾರ್ರಿ.”